ನೆಲದಡಿ ಇಟ್ಟ ಇಂಗಾಲದ ಡೈಆಕ್ಸೈಡ್ ಸೋರುತ್ತಿದೆಯೇ? ಒತ್ತಡ ನೋಡಿ ಪತ್ತೆ ಹಚ್ಚುವ ಬಗೆ

ಕೋಲಾರದ ಕಡೆ ತೋಟ ಇರುವವರಿಗೆ ಇದು ಚೆನ್ನಾಗಿ ಗೊತ್ತು. ಎರಡು ಬೋರ್‌ಗಳು ಒಂದೇ ಬಿರುಕಿನ ಮೇಲಿದ್ದರೆ, ಪಕ್ಕದವರು ಮೋಟಾರ್ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ನಮ್ಮ ಬೋರ್‌ನಲ್ಲಿ ನೀರು ಇಳಿಯುತ್ತದೆ. ನಮ್ಮ ನೀರು ಅಷ್ಟು ಬೇಗ ಅಲ್ಲಿಗೆ ಹರಿದು ಹೋಗಿರುವುದಿಲ್ಲ. ಅಲ್ಲಿ ಒತ್ತಡ ಇಳಿದ ಸುದ್ದಿ ಮಾತ್ರ ಇಲ್ಲಿಗೆ ಬಂದಿರುತ್ತದೆ. ನೆಲದೊಳಗೆ ನೀರಿಗಿಂತ ಒತ್ತಡದ ಸುದ್ದಿ ಬಹಳ ಬೇಗ ಓಡುತ್ತದೆ. ಅಮೆರಿಕದ ಚಾರ್ಲ್ಸ್ ಥೈಸ್ 1935ರಲ್ಲಿ ಇದಕ್ಕೊಂದು ಸಮೀಕರಣ ಬರೆದರು. ಅಂತರ್ಜಲದವರು ಇವತ್ತಿಗೂ ಅದನ್ನೇ ಬಳಸುತ್ತಾರೆ.

ಗಾಳಿಗೆ ಸೇರದಿರಲಿ ಎಂದು ಇಂಗಾಲದ ಡೈಆಕ್ಸೈಡ್ ಅನ್ನು ನೆಲದಡಿ ಇಟ್ಟವರೂ ಅದೇ ಸಮೀಕರಣವನ್ನು ನೆಚ್ಚಿಕೊಂಡಿದ್ದಾರೆ. ಅನಿಲ ಸೋರಿ ಮೇಲಕ್ಕೆ ಬರಲು ವರ್ಷಗಳೇ ಬೇಕಾಗಬಹುದು. ಆದರೆ ಸೋರಲು ಶುರುವಾದ ಸುದ್ದಿ ಒತ್ತಡದ ರೂಪದಲ್ಲಿ ಕೆಲವೇ ದಿನಗಳಲ್ಲಿ ಬರುತ್ತದೆ. ಅದನ್ನು ಕೇಳಿಸಿಕೊಳ್ಳುವ ವ್ಯವಸ್ಥೆಯನ್ನು ಹೇಗೆ ಕಟ್ಟುವುದು ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ನೆಲದಡಿಯ ಚಿತ್ರ ಕಣ್ಣ ಮುಂದೆ ಇರಲಿ. ಸಾಮಾನ್ಯವಾಗಿ 800 ಮೀಟರ್‌ಗಿಂತ ಆಳದ ಮರಳುಗಲ್ಲಿನ ಪದರಕ್ಕೆ ಅನಿಲವನ್ನು ತುಂಬುತ್ತಾರೆ. ಆ ಆಳದಲ್ಲಿ ಒತ್ತಡ 74 ಬಾರ್ ದಾಟಿರುತ್ತದೆ, ಬಿಸಿ 31 ಡಿಗ್ರಿ ಮೀರಿರುತ್ತದೆ. ಹಾಗಾಗಿ ಅದು ಗಾಳಿಯಂತೆ ಹರಡಿಕೊಳ್ಳದೆ ದ್ರವದಂತೆ ದಟ್ಟವಾಗಿ ಕೂರುತ್ತದೆ. ಮರಳುಗಲ್ಲಿನ ಸಣ್ಣ ರಂಧ್ರಗಳಲ್ಲಿ ಮೊದಲೇ ಉಪ್ಪುನೀರು ಇರುತ್ತದೆ. ಮೇಲೆ ಜೇಡಿಗಲ್ಲಿನಂಥ ಬಿಗಿಯಾದ ಮುಚ್ಚಳದ ಪದರ. ಅದರ ಮೇಲೆ ಮತ್ತೆ ಮರಳುಗಲ್ಲು, ಮತ್ತೆ ಜೇಡಿಗಲ್ಲು, ಹೀಗೆ ನೆಲದ ಮಟ್ಟದವರೆಗೆ.

ಹಂತ 1: ಎಲ್ಲಿಂದ ಸೋರಬಹುದು, ಪಟ್ಟಿ ಮಾಡಿ

ಮುಚ್ಚಳದ ಕಲ್ಲು ತಾನಾಗಿಯೇ ಸೋರುವುದು ಅಪರೂಪ. ಹೆಚ್ಚಿನ ಅನುಮಾನ ಇರಬೇಕಾದದ್ದು ಮನುಷ್ಯರು ಕೊರೆದ ತೂತುಗಳ ಮೇಲೆ. ಹಳೆಯ ತೈಲ ಬಾವಿಗಳು, ಕೊರೆದು ಬಿಟ್ಟ ಪರೀಕ್ಷಾ ಬಾವಿಗಳು, ಕೊನೆಗೆ ನೀವೇ ಕೊರೆಸಿದ ಬಾವಿಗಳು. ಆಮೇಲೆ ನೆಲದ ಸೀಳುಗಳು.

ಅಲ್ಜೀರಿಯಾದ ಇನ್ ಸಲಾಹ್‌ನಲ್ಲಿ 2004ರಿಂದ 2011ರವರೆಗೆ ಸುಮಾರು 38 ಲಕ್ಷ ಟನ್ ತುಂಬಿದರು. ಅಲ್ಲಿ 2007ರಲ್ಲಿ ಒಂದು ಹಳೆಯ ಬಾವಿಯ ಬಾಯಲ್ಲಿ ಇಂಗಾಲದ ಡೈಆಕ್ಸೈಡ್ ಕಾಣಿಸಿಕೊಂಡಿತು. ಸೋರಿದ್ದು ತೀರಾ ಕಡಿಮೆ, ಬಾವಿಯನ್ನೂ ಸರಿಯಾಗಿ ಮುಚ್ಚಿಸಿದರು. ಆದರೆ ಮೊದಲು ಯಾವ ಕಡೆ ಕಣ್ಣಿಡಬೇಕು ಅನ್ನುವುದು ಅಲ್ಲಿ ಸ್ಪಷ್ಟವಾಯಿತು.

ಪಟ್ಟಿ ಮಾಡುವಾಗ ಅನಿಲ ಹರಡುವ ಜಾಗಕ್ಕಷ್ಟೇ ನಿಲ್ಲಬೇಡಿ. ಒತ್ತಡ ಅದಕ್ಕಿಂತ ಎಷ್ಟೋ ದೂರ ಹರಡುತ್ತದೆ. ಅನಿಲ ಯಾವತ್ತೂ ಮುಟ್ಟದ ದೂರದ ಹಳೆ ಬಾವಿಯಲ್ಲಿ ಉಪ್ಪುನೀರು ಮೇಲಕ್ಕೇರಿ ಕುಡಿಯುವ ನೀರಿನ ಪದರಕ್ಕೆ ಸೇರಿಕೊಳ್ಳಬಹುದು. ಅದೂ ಸೋರಿಕೆಯೇ ಅಲ್ವಾ?

ಹಂತ 2: ಕಾವಲು ಪದರವನ್ನು ಆರಿಸಿ

ಇಡೀ ಕೆಲಸದಲ್ಲಿ ಬಹಳ ಯೋಚಿಸಿ ಮಾಡಬೇಕಾದ ತೀರ್ಮಾನ ಇದು.

ತುಂಬುವ ಪದರದಲ್ಲಿ ಒತ್ತಡ ಅಳೆಯುವ ಗೇಜ್ ಇರಲೇಬೇಕು. ಆದರೆ ಅಲ್ಲಿ ಸಣ್ಣ ಸೋರಿಕೆ ಕಾಣುವುದಿಲ್ಲ. ದಿನಕ್ಕೆ ಸಾವಿರಾರು ಟನ್ ಒಳಗೆ ಹೋಗುತ್ತಿರುವಾಗ ಕೆಲವು ಟನ್ ಹೊರಹೋದರೆ ಆ ಗದ್ದಲದಲ್ಲಿ ಯಾರಿಗೆ ಕೇಳುತ್ತದೆ? ಅದಕ್ಕೇ ಮುಚ್ಚಳದ ಮೇಲಿನ ಮೊದಲ ಮರಳುಗಲ್ಲಿನಲ್ಲಿ ಇನ್ನೊಂದು ಗೇಜ್ ಇಡಬೇಕು. ಆ ಪದರವನ್ನು ನಾನು ಕಾವಲು ಪದರ ಅನ್ನುತ್ತೇನೆ. ಅಲ್ಲಿಗೆ ಯಾರೂ ಏನೂ ತುಂಬುತ್ತಿಲ್ಲ, ಯಾರೂ ತೆಗೆಯುತ್ತಲೂ ಇಲ್ಲ. ಒತ್ತಡ ಸುಮ್ನೆ ಇರಬೇಕು. ಅಲ್ಲಿ ಒತ್ತಡ ಏರಿತು ಅಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ಒಳ್ಳೆಯ ಕಾವಲು ಪದರ ಹೇಗಿರಬೇಕು? ಮುಚ್ಚಳಕ್ಕೆ ಹತ್ತಿರ ಇರಬೇಕು. ದ್ರವವನ್ನು ಸಲೀಸಾಗಿ ಹರಿಯಬಿಡಬೇಕು, ಇಲ್ಲದಿದ್ದರೆ ಸುದ್ದಿ ತಡವಾಗುತ್ತದೆ. ಮಧ್ಯೆ ತುಂಡಾಗದೆ ಹಲವು ಕಿಲೋಮೀಟರ್ ಹರಡಿರಬೇಕು. ಅದರ ಮೇಲೂ ಒಂದು ಬಿಗಿ ಪದರ ಇರಬೇಕು. ಮತ್ತೆ, ಅದು ತೆಳ್ಳಗಿದ್ದರೆ ಒಳ್ಳೆಯದು. ದಪ್ಪ ಪದರ ಸಿಕ್ಕರೆ ಒಳ್ಳೆಯದಲ್ಲವೇ ಎಂದು ಹಲವರಿಗೆ ಅನಿಸುತ್ತದೆ. ಆದರೆ 100 ಮೀಟರ್ ದಪ್ಪದ ಪದರದಲ್ಲಿ ಏಳುವ ಒತ್ತಡ, 20 ಮೀಟರ್ ಪದರದಲ್ಲಿ ಏಳುವುದರ ಐದನೇ ಒಂದು ಪಾಲು ಮಾತ್ರ. ಒಂದು ಚೊಂಬು ನೀರನ್ನು ಲೋಟಕ್ಕೆ ಸುರಿಯುವುದಕ್ಕೂ ತೊಟ್ಟಿಗೆ ಸುರಿಯುವುದಕ್ಕೂ ಇರುವ ವ್ಯತ್ಯಾಸ ಅದು.

ಜರ್ಮನಿಯ ಕೆಟ್ಸಿನ್‌ನಲ್ಲಿ 2008ರಿಂದ 2013ರವರೆಗೆ ಸುಮಾರು 67,000 ಟನ್ ತುಂಬಿದರು. ಅಲ್ಲಿ ಮುಚ್ಚಳದ ಮೇಲಿನ ಪದರಕ್ಕಾಗಿಯೇ 2011ರಲ್ಲಿ ಬೇರೆ ಬಾವಿ ಕೊರೆದರು. ಕೆನಡಾದ ಆಲ್ಬರ್ಟಾದಲ್ಲಿ 2015ರಿಂದ ನಡೆಯುತ್ತಿರುವ ಕ್ವೆಸ್ಟ್ ಯೋಜನೆಯಲ್ಲೂ ಮುಚ್ಚಳಗಳ ಮೇಲಿನ ಕುಕಿಂಗ್ ಲೇಕ್ ಅನ್ನುವ ಪದರದಲ್ಲಿ ಗೇಜ್‌ಗಳಿವೆ.

ಹಂತ 3: ಬಾವಿ ಮತ್ತು ಗೇಜ್

ನಿಗಾ ಬಾವಿಯ ಕೇಸಿಂಗ್‌ನಲ್ಲಿ ಕಾವಲು ಪದರದ ಎದುರು ಮಾತ್ರ ತೂತು ಹೊಡೆಸಿ. ಕೇಸಿಂಗ್ ಹಿಂದಿನ ಸಿಮೆಂಟ್ ಗಟ್ಟಿಯಾಗಿದೆಯೇ ಎಂದು ಲಾಗ್ ಮಾಡಿಸಿ, ಅಂದರೆ ಬಾವಿಯೊಳಗೆ ಉಪಕರಣ ಇಳಿಸಿ ಅಳೆಸಿ ನೋಡಿ. ಸಿಮೆಂಟ್ ಸಡಿಲ ಇದ್ದರೆ ಬೇರೆ ಪದರದ ಒತ್ತಡವೂ ಒಳಗೆ ಬೆರೆಯುತ್ತದೆ. ಆಮೇಲೆ ಯಾವ ಅಂಕಿಯನ್ನೂ ನಂಬಲಾಗುವುದಿಲ್ಲ.

ಗೇಜ್ ಕ್ವಾರ್ಟ್ಜ್ ಹರಳಿನದ್ದೇ ಇರಲಿ. ಅದು 0.1 ಕಿಲೊಪ್ಯಾಸ್ಕಲ್‌ಗಿಂತ (ಒಂದು ಬಾರ್ ಅಂದರೆ 100 ಕಿಲೊಪ್ಯಾಸ್ಕಲ್) ಸಣ್ಣ ಬದಲಾವಣೆಯನ್ನೂ ಹಿಡಿಯುತ್ತದೆ. ಅದನ್ನು ಬಾವಿಯ ತಳದಲ್ಲೇ ಇಡಿ. ಬಾವಿಯ ಬಾಯಲ್ಲಿ ಅಳೆದು ತಳದ ಒತ್ತಡವನ್ನು ಲೆಕ್ಕ ಹಾಕಿಕೊಳ್ಳೋಣ ಅನ್ನುವ ಆಸೆ ಬೇಡ. ಬಿಸಿ ಸ್ವಲ್ಪ ಬದಲಾದರೂ ಈ ಅನಿಲದ ತೂಕ ತುಂಬಾ ಏರುಪೇರಾಗುತ್ತದೆ. ನೂರಾರು ಮೀಟರ್ ಉದ್ದದ ಅನಿಲದ ಕಂಬದಲ್ಲಿ ಆ ತಪ್ಪು ಸೇರಿಕೊಂಡರೆ ನಿಮ್ಮ ಸಣ್ಣ ಸಂಕೇತ ಅದರಲ್ಲೇ ಮುಳುಗಿಹೋಗುತ್ತದೆ.

ಒಂದೇ ಬಾವಿಯಲ್ಲಿ ಎರಡು ಗೇಜ್ ಇಡಿಸಿ. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ ಅನ್ನುವುದು ಒಂದು ಲಾಭ. ಇನ್ನೂ ದೊಡ್ಡ ಲಾಭ ಬೇರೆ ಇದೆ. ಎರಡರ ನಡುವೆ 50 ಮೀಟರ್ ಅಂತರ ಇದೆ ಅಂದುಕೊಳ್ಳಿ. ನಡುವೆ ಘನ ಮೀಟರ್‌ಗೆ 1,100 ಕಿಲೋ ತೂಗುವ ಉಪ್ಪುನೀರು ಇದ್ದರೆ ಎರಡೂ ಗೇಜ್‌ಗಳ ವ್ಯತ್ಯಾಸ ಸುಮಾರು 5.4 ಬಾರ್. ಅದೇ ಜಾಗಕ್ಕೆ 600 ಕಿಲೋ ತೂಗುವ ಇಂಗಾಲದ ಡೈಆಕ್ಸೈಡ್ ಬಂದು ಕೂತರೆ ವ್ಯತ್ಯಾಸ 2.9 ಬಾರ್‌ಗೆ ಇಳಿಯುತ್ತದೆ. ಬಾವಿಯೊಳಗೆ ಬಂದಿರುವುದು ಏನು ಅನ್ನುವುದು ಒಂದು ಕಳೆಯುವ ಲೆಕ್ಕದಲ್ಲಿ ಗೊತ್ತಾಗುತ್ತದೆ!

ನಿಗಾ ಬಾವಿಯೇ ಸೋರುವ ದಾರಿ ಆಗಬಾರದು. ಅಮೆರಿಕದ ಇಲಿನಾಯ್ ರಾಜ್ಯದ ಡಿಕೇಟರ್‌ನಲ್ಲಿ ಆಳದ ನಿಗಾ ಬಾವಿಯೊಂದರ ಕೊಳವೆಗೆ ತುಕ್ಕು ಹಿಡಿದು, ದ್ರವ ಅನುಮತಿ ಇಲ್ಲದ ಪದರಕ್ಕೆ ಹೋಗಿತ್ತು. 2024ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ನಿಯಮದ ಉಲ್ಲಂಘನೆ ಎಂದು ಹೇಳಿತು. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿದರೆ ಹುಳಿಯಾಗುತ್ತದೆ, ಉಕ್ಕನ್ನು ತಿನ್ನುತ್ತದೆ. ಮುಚ್ಚಳದ ಪದರವನ್ನು ತೂತು ಮಾಡದೆ ಕಾವಲು ಪದರಕ್ಕೇ ನಿಲ್ಲುವ ಬಾವಿ ಸಾಕಾಗುವುದಾದರೆ, ಅಷ್ಟಕ್ಕೇ ನಿಲ್ಲಿಸಿ ಅನ್ನುವುದು ನನ್ನ ಅಭಿಪ್ರಾಯ.

ಹಂತ 4: ಎಷ್ಟು ಸಣ್ಣ ಸೋರಿಕೆ ಕಾಣುತ್ತದೆ? ಮೊದಲೇ ಲೆಕ್ಕ ಹಾಕಿ

ಇಲ್ಲಿ ಒಂದು ಲೆಕ್ಕವನ್ನು ಪೂರ್ತಿ ಮಾಡಿ ತೋರಿಸುತ್ತೇನೆ. ಕಾವಲು ಪದರದ ದಪ್ಪ 20 ಮೀಟರ್. ಪರ್ಮಿಯಬಿಲಿಟಿ, ಅಂದರೆ ಕಲ್ಲು ದ್ರವವನ್ನು ಬಿಡುವ ಗುಣ, 100 ಮಿಲಿಡಾರ್ಸಿ. ಕಲ್ಲಿನಲ್ಲಿ ರಂಧ್ರಗಳ ಪಾಲು 20 ಶೇಕಡಾ. ಉಪ್ಪುನೀರಿನ ಸ್ನಿಗ್ಧತೆ 0.7 ಸೆಂಟಿಪಾಯ್ಸ್. ಕಲ್ಲು, ನೀರು ಎರಡೂ ಸೇರಿ ಪ್ರತಿ ಪ್ಯಾಸ್ಕಲ್‌ಗೆ ಶತಕೋಟಿಯಲ್ಲಿ ಒಂದು ಪಾಲು ಕುಗ್ಗುತ್ತವೆ. ಪರ್ಮಿಯಬಿಲಿಟಿಯನ್ನು ಅದರ ನಂತರ ಹೇಳಿದ ಮೂರರ ಗುಣಲಬ್ಧದಿಂದ ಭಾಗಿಸಿದರೆ ಒತ್ತಡ ಹರಡುವ ಗುಣಾಂಕ ಸಿಗುತ್ತದೆ: ಸೆಕೆಂಡಿಗೆ ಸುಮಾರು 0.7 ಚದರ ಮೀಟರ್.

ಈಗ ದೂರದ ವರ್ಗವನ್ನು ಆ ಗುಣಾಂಕದ ನಾಲ್ಕು ಪಟ್ಟಿನಿಂದ ಭಾಗಿಸಿ. ಸುದ್ದಿ ತಲುಪುವ ಸಮಯದ ಅಂದಾಜು ಬರುತ್ತದೆ. 500 ಮೀಟರ್ ದೂರಕ್ಕೆ ಸುಮಾರು ಒಂದು ದಿನ. ಒಂದು ಕಿಲೋಮೀಟರ್‌ಗೆ ನಾಲ್ಕು ದಿನ. ಎರಡು ಕಿಲೋಮೀಟರ್‌ಗೆ ಹದಿನಾರು ದಿನ. ದೂರ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ಬಾವಿಗಳ ನಡುವಿನ ಅಂತರವನ್ನು ಇದನ್ನು ನೋಡಿಯೇ ತೀರ್ಮಾನಿಸಿ.

ಮುಂದೆ, ಸೆಕೆಂಡಿಗೆ 100 ಗ್ರಾಂ ಸೋರುತ್ತಿದೆ ಅಂದುಕೊಳ್ಳಿ. ದಿನಕ್ಕೆ ಸುಮಾರು 8.6 ಟನ್. ಥೈಸ್ ಸಮೀಕರಣದಲ್ಲಿ ಹಾಕಿದರೆ 500 ಮೀಟರ್ ದೂರದ ಗೇಜ್ ಮೊದಲ ದಿನದ ಕೊನೆಗೆ ಸುಮಾರು 1 ಕಿಲೊಪ್ಯಾಸ್ಕಲ್ ಏರುತ್ತದೆ. ಹತ್ತನೇ ದಿನಕ್ಕೆ ಸುಮಾರು 8.5 ಕಿಲೊಪ್ಯಾಸ್ಕಲ್. ಅಂದರೆ 85 ಸೆಂಟಿಮೀಟರ್‌ಗೂ ಸ್ವಲ್ಪ ಜಾಸ್ತಿ ಎತ್ತರದ ನೀರಿನ ಒತ್ತಡ. ಇದು ಚೆನ್ನಾಗಿ ಕಾಣುತ್ತದೆ. ಸೋರಿಕೆ ಅದರ ಹತ್ತನೇ ಒಂದು ಪಾಲಾದರೆ ಹತ್ತು ದಿನಕ್ಕೂ 0.85 ಕಿಲೊಪ್ಯಾಸ್ಕಲ್ ಮಾತ್ರ. ಗೇಜ್‌ಗೆ ಅದೂ ಕಾಣುತ್ತದೆ. ಆದರೆ ಮಳೆ ಮೋಡ ಬಂದು ಹೋದಾಗ ಗಾಳಿಯ ಒತ್ತಡವೂ ಅಷ್ಟೇ ಬದಲಾಗುತ್ತದೆ. ಅಲ್ಲಿಂದ ಮುಂದಿನ ಹಂತದ ಕೆಲಸ ಶುರು.

ಹಂತ 5: ಸೋರಿಕೆ ಹುಡುಕುವ ಮೊದಲು ಮೌನವನ್ನು ಅಳೆಯಿರಿ

ಅನಿಲ ತುಂಬಲು ಶುರು ಮಾಡುವ ಮೊದಲು ಕನಿಷ್ಠ ಒಂದು ವರ್ಷದ ದಾಖಲೆ ಕೈಯಲ್ಲಿರಲಿ. ಎಲ್ಲ ಋತುಗಳೂ ಅದರಲ್ಲಿ ಬಂದಿರಬೇಕು. ಯೋಜನೆ ತಡವಾಗುತ್ತಿದೆ ಎಂದು ಮೊದಲು ಕತ್ತರಿ ಬೀಳುವುದು ಈ ಹಂತಕ್ಕೇ. ದಯವಿಟ್ಟು ಇದನ್ನು ಬಿಟ್ಟುಕೊಡಬೇಡಿ. ತುಂಬಲು ಶುರುವಾದ ಮೇಲೆ ಈ ದಾಖಲೆ ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಈ ಮೌನ ಪೂರ್ತಿ ಮೌನವಲ್ಲ. ಚಂದ್ರ, ಸೂರ್ಯ ಇಬ್ಬರೂ ಸಮುದ್ರವನ್ನು ಎಳೆದ ಹಾಗೆ ನೆಲವನ್ನೂ ಎಳೆಯುತ್ತಾರೆ. ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಆಳದ ಒತ್ತಡ ಸಣ್ಣಗೆ ಏರಿ ಇಳಿಯುತ್ತದೆ. ಈ ಅಲೆಯನ್ನು ಬರೀ ತೊಂದರೆ ಅಂದುಕೊಳ್ಳಬೇಡಿ. ಇದು ನಿಮ್ಮ ಗೇಜ್‌ನ ಆರೋಗ್ಯ ಪರೀಕ್ಷೆಯೂ ಹೌದು. ಮೊದಲು ಕಾಣುತ್ತಿದ್ದ ಅಲೆ ಒಂದು ದಿನ ಮಾಯವಾದರೆ, ಕೇಸಿಂಗ್‌ನ ತೂತುಗಳು ಕಟ್ಟಿಕೊಂಡಿರಬಹುದು ಅಥವಾ ಗೇಜ್ ಕೆಟ್ಟಿರಬಹುದು.

ಗಾಳಿಯ ಒತ್ತಡ ಏರಿದರೆ ಅದರ ಭಾರದ ಒಂದು ಪಾಲು ಆಳದ ನೀರಿನ ಮೇಲೂ ಬೀಳುತ್ತದೆ. ಬಾವಿಯ ಪಕ್ಕದಲ್ಲೇ ಒಂದು ಬ್ಯಾರೋಮೀಟರ್ ಇಡಿ. ಎರಡನ್ನೂ ಹೋಲಿಸಿ ಆ ಪಾಲು ಎಷ್ಟು ಎಂದು ಕಂಡುಕೊಂಡು ಕಳೆಯಿರಿ. ಇಲ್ಲಿ ಗಡಿಯಾರದ ಬಗ್ಗೆ ಎಚ್ಚರ. ನಾನೊಮ್ಮೆ ಎರಡು ದಿನ ಕೂತರೂ ಬ್ಯಾರೋಮೀಟರ್ ಮತ್ತು ಗೇಜ್ ತಾಳೆಯಾಗಲಿಲ್ಲ. ಕೊನೆಗೆ ನೋಡಿದರೆ ಒಂದರ ಫೈಲ್ ಗ್ರೀನಿಚ್ ಸಮಯದಲ್ಲಿತ್ತು, ಇನ್ನೊಂದು ಭಾರತದ ಸಮಯದಲ್ಲಿತ್ತು. ಸರಿಯಾಗಿ ಐದೂವರೆ ಗಂಟೆಯ ವ್ಯತ್ಯಾಸ. ಅವತ್ತಿನಿಂದ ಯಾವ ಫೈಲ್ ತೆರೆದರೂ ಮೊದಲು ಸಮಯದ ಸಾಲನ್ನೇ ನೋಡುತ್ತೇನೆ.

ಮೂರನೆಯದು ಗೇಜ್‌ನ ಸ್ವಂತ ಜಾರಿಕೆ. ವರ್ಷಗಳು ಕಳೆದಂತೆ ಎಲ್ಲ ಗೇಜ್‌ಗಳೂ ನಿಧಾನವಾಗಿ ಒಂದು ಕಡೆಗೆ ವಾಲುತ್ತವೆ. ಜೋಡಿ ಗೇಜ್ ಇದ್ದರೆ ಇದು ಬೇಗ ಗೊತ್ತಾಗುತ್ತದೆ.

ಹಂತ 6: ತುಂಬುವ ಬಾವಿಯ ದಿನನಿತ್ಯದ ನಿಗಾ

ತುಂಬುವ ಬಾವಿಯಲ್ಲಿ ಒಂದರೊಳಗೊಂದು ಕೊಳವೆಗಳಿವೆ. ಒಳಗಿನದು ಟ್ಯೂಬಿಂಗ್, ಅದರಲ್ಲೇ ಅನಿಲ ಇಳಿಯುವುದು. ಹೊರಗಿನದು ಕೇಸಿಂಗ್. ಎರಡರ ನಡುವಿನ ಸಂದು ಆನ್ಯುಲಸ್. ಕೆಳಗೆ ಪ್ಯಾಕರ್ ಅನ್ನುವ ಬಿರಡೆ ಹಾಕಿ ಬಿಗಿ ಮಾಡಿ ಅದರಲ್ಲಿ ದ್ರವ ತುಂಬಿರುತ್ತಾರೆ. ಅಮೆರಿಕದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಡುವ ಬಾವಿಗಳನ್ನು ಆರನೇ ದರ್ಜೆಯ ಬಾವಿಗಳು ಅನ್ನುತ್ತಾರೆ; ಅವುಗಳ 2010ರ ನಿಯಮದ ಪ್ರಕಾರ ಇದರ ಒತ್ತಡವನ್ನು ಬಿಡದೆ ಅಳೆಯುತ್ತಿರಬೇಕು. ಕಲ್ಲು ಒಡೆಯುವ ಒತ್ತಡದ 90 ಶೇಕಡಾ ಮೀರಿ ತುಂಬಬಾರದು ಎಂದೂ ಅದರಲ್ಲಿದೆ.

ಆನ್ಯುಲಸ್ ಓದುವಾಗ ಹೊಸಬರು ಎಡವುವ ಜಾಗ ಒಂದಿದೆ. ತಣ್ಣನೆಯ ಅನಿಲ ಇಳಿಯಲು ಶುರುವಾದರೆ ಸಂದಿನ ದ್ರವ ತಣ್ಣಗಾಗಿ ಕುಗ್ಗುತ್ತದೆ, ಒತ್ತಡ ಇಳಿಯುತ್ತದೆ. ನಿಲ್ಲಿಸಿದರೆ ದ್ರವ ಬಿಸಿಯಾಗಿ ಒತ್ತಡ ಏರುತ್ತದೆ. ಇದು ಸೋರಿಕೆಯಲ್ಲ, ಬಿಸಿಯ ಆಟ. ನಿಜವಾದ ಸೋರಿಕೆಯ ಗುರುತು ಬೇರೆ. ವಾಲ್ವ್ ತೆರೆದು ಒತ್ತಡವನ್ನು ಇಳಿಸುತ್ತೀರಿ, ಮುಚ್ಚುತ್ತೀರಿ. ಬಾವಿಯ ಬಿಸಿ ಬದಲಾಗದಿದ್ದರೂ ಗೇಜ್‌ನ ಮುಳ್ಳು ಮತ್ತೆ ಮೆಲ್ಲಗೆ ಮೇಲೇರಿ ಹಳೆಯ ಜಾಗಕ್ಕೇ ಬಂದು ನಿಲ್ಲುತ್ತದೆ. ಮತ್ತೆ ಇಳಿಸಿದರೆ ಮತ್ತೆ ಏರುತ್ತದೆ. ಹಾಗಾದರೆ ಟ್ಯೂಬಿಂಗ್ ಅಥವಾ ಪ್ಯಾಕರ್ ಕಡೆ ನೋಡಿ.

ಆಗಾಗ ತುಂಬುವುದನ್ನು ನಿಲ್ಲಿಸಿ, ತಳದ ಒತ್ತಡ ಹೇಗೆ ಇಳಿಯುತ್ತದೆ ಎಂದು ನೋಡುವುದೂ ಅಷ್ಟೇ ಮುಖ್ಯ. ಅಮೆರಿಕದ ನಿಯಮ ಕನಿಷ್ಠ ಐದು ವರ್ಷಕ್ಕೊಮ್ಮೆ ಮಾಡಿ ಅನ್ನುತ್ತದೆ. ನಾನಾದರೆ ಕಂಪ್ರೆಸರ್ ದುರಸ್ತಿಗೆ ನಿಂತಾಗಲೆಲ್ಲ ಆ ಅಂಕಿಗಳನ್ನು ಎತ್ತಿಟ್ಟುಕೊಳ್ಳುತ್ತೇನೆ. ಅವು ಪುಕ್ಕಟೆ ಸಿಗುವ ಪರೀಕ್ಷೆಗಳು.

ನಾರ್ವೆಯ ಸ್ನೋವಿಟ್‌ನ ಕಥೆ ಇದಕ್ಕೆ ಒಳ್ಳೆಯ ಪಾಠ. 2008ರಲ್ಲಿ ತುಂಬಲು ಶುರು ಮಾಡಿದರು. ಒತ್ತಡ ಅಂದುಕೊಂಡದ್ದಕ್ಕಿಂತ ಬೇಗ ಏರಿತು. ಮೊದಲು ಸಿಕ್ಕ ಕಾರಣ ಬಾವಿಯ ಹತ್ತಿರ ಉಪ್ಪು ಕಟ್ಟಿಕೊಂಡದ್ದು. ಗ್ಲೈಕಾಲ್ ದ್ರಾವಣ ಬಿಟ್ಟು ಅದನ್ನು ಬಿಡಿಸಿದರು. ಆದರೂ ಒತ್ತಡ ಏರುತ್ತಲೇ ಹೋಯಿತು. ನಿಲ್ಲಿಸಿದಾಗ ಒತ್ತಡ ಇಳಿದ ರೀತಿಯನ್ನು ನೋಡಿದಾಗ, ಆ ಪದರದಲ್ಲಿ ದೂರದ ಅಡ್ಡಗೋಡೆಗಳಿವೆ, ಅನಿಲಕ್ಕೆ ಹರಡಲು ಜಾಗ ಸಾಲುತ್ತಿಲ್ಲ ಎಂದು ತಿಳಿಯಿತು. 2011ರಲ್ಲಿ ಮೇಲಿನ ಬೇರೆ ಪದರಕ್ಕೆ ತುಂಬಲು ಶುರು ಮಾಡಿದರು. ಅಲ್ಲಿ ಸೋರಿಕೆ ಆಗಲಿಲ್ಲ. ಗೇಜ್ ಮೊದಲೇ ಹೇಳಿತು, ಇವರೂ ಕೇಳಿಸಿಕೊಂಡರು.

ಹಂತ 7: ಉಳಿಕೆ ಮತ್ತು ಎಚ್ಚರಿಕೆಯ ಗಂಟೆ

ಗೇಜ್‌ನ ಅಂಕಿಯಿಂದ ಚಂದ್ರನ ಅಲೆ, ಗಾಳಿಯ ಪಾಲು, ಗೇಜ್‌ನ ಜಾರಿಕೆ ಎಲ್ಲವನ್ನೂ ಕಳೆಯಿರಿ. ಕೊನೆಗೆ ಉಳಿಯುವುದೇ ಉಳಿಕೆ. ಸೋರಿಕೆ ಇಲ್ಲದಿದ್ದರೆ ಅದು ಸೊನ್ನೆಯ ಆಚೆ ಈಚೆ ಆಡುತ್ತಿರುತ್ತದೆ.

ಒಂದು ಮಿತಿ ದಾಟಿದ ಕೂಡಲೇ ಗಂಟೆ ಹೊಡೆಯುವ ಹಾಗೆ ಮಾಡಿದರೆ ದೊಡ್ಡ ಸೋರಿಕೆ ಸಿಗುತ್ತದೆ, ನಿಧಾನದ್ದು ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಕೂಡಿಕೆ ಲೆಕ್ಕವನ್ನೂ ಇಟ್ಟುಕೊಳ್ಳಿ. ಪ್ರತಿ ದಿನದ ಉಳಿಕೆಯನ್ನು ಹಿಂದಿನ ಮೊತ್ತಕ್ಕೆ ಸೇರಿಸುತ್ತಾ ಹೋಗಿ. ಗದ್ದಲವಾದರೆ ಒಂದು ದಿನ ಮೇಲೆ, ಒಂದು ದಿನ ಕೆಳಗೆ, ಬಹುಪಾಲು ವಜಾ ಆಗುತ್ತದೆ. ಸೋರಿಕೆಯಾದರೆ ದಿನವೂ ಒಂದೇ ಕಡೆಗೆ ಕೂಡುತ್ತದೆ.

ಈ ಗಂಟೆ ಕೆಲಸ ಮಾಡುತ್ತದೋ ಇಲ್ಲವೋ ಎಂದು ನೋಡಲು ಒಂದು ದಾರಿ ಇದೆ. ಮೊದಲ ವರ್ಷದ ದಾಖಲೆಯನ್ನು ತೆಗೆದುಕೊಳ್ಳಿ. ಥೈಸ್ ಲೆಕ್ಕದ ಸುಳ್ಳು ಸೋರಿಕೆಯನ್ನು ಅದಕ್ಕೆ ಸೇರಿಸಿ. ನಿಮ್ಮ ವಿಧಾನ ಎಷ್ಟನೇ ದಿನ ಅದನ್ನು ಹಿಡಿಯಿತು, ಬರೆದಿಡಿ. ಬೇರೆ ಬೇರೆ ಗಾತ್ರ, ಬೇರೆ ಬೇರೆ ದೂರ ಇಟ್ಟು ಮತ್ತೆ ಮಾಡಿ. ಆ ಪಟ್ಟಿಯೇ ನಿಮ್ಮ ವ್ಯವಸ್ಥೆಯ ನಿಜವಾದ ಶಕ್ತಿ.

ಹಂತ 8: ಗಂಟೆ ಹೊಡೆಯಿತು, ಈಗ?

ಮೊದಲು ಜೋಡಿ ಗೇಜ್ ನೋಡಿ. ಒಂದೇ ಏರಿದ್ದರೆ ಗೇಜ್ ಕೆಟ್ಟಿರಬಹುದು, ಇಲ್ಲವೇ ಹಂತ 3ರಲ್ಲಿ ಹೇಳಿದ ಹಾಗೆ ಎರಡರ ನಡುವಿನ ದ್ರವ ಬದಲಾಗಿರಬಹುದು. ಎರಡೂ ಏರಿದ್ದರೆ ಲಾಗ್‌ಬುಕ್ ತೆರೆಯಿರಿ. ಆ ವಾರ ಬಾವಿಯಲ್ಲಿ ಯಾರಾದರೂ ಮಾದರಿ ತೆಗೆದರೇ, ವಾಲ್ವ್ ತಿರುಗಿಸಿದರೇ, ಅದೇ ಪದರದಲ್ಲಿ ಪಕ್ಕದವರು ಏನಾದರೂ ಮಾಡಿದರೇ ಎಂದು ವಿಚಾರಿಸಿ.

ಆಮೇಲೆ ಹಿಂಡಿಕೆಯ ಅನುಮಾನ. ಕೆಳಗಿನ ಪದರಕ್ಕೆ ಅನಿಲ ತುಂಬಿದಾಗ ಆ ಕಲ್ಲು ಸ್ವಲ್ಪ ಉಬ್ಬುತ್ತದೆ, ಮೇಲಿನ ಪದರವನ್ನು ಅಮುಕುತ್ತದೆ. ಒಂದು ಹನಿಯೂ ಸೋರದೆ ಕಾವಲು ಪದರದ ಒತ್ತಡ ಏರಬಹುದು. ವ್ಯತ್ಯಾಸ ಇರುವುದು ಆಕಾರದಲ್ಲಿ. ಹಿಂಡಿಕೆಯಾದರೆ ಮೇಲಿನ ಒತ್ತಡ ತುಂಬುವ ವೇಗದ ಜೊತೆಗೇ ಕುಣಿಯುತ್ತದೆ. ಪಂಪ್ ನಿಂತು ಕೆಳಗಿನ ಒತ್ತಡ ಇಳಿಯತೊಡಗಿದರೆ ಇದೂ ಇಳಿಯುತ್ತದೆ. ಸೋರಿಕೆಯಾದರೆ ತಡವಾಗಿ ಶುರುವಾಗುತ್ತದೆ, ಏರುತ್ತಲೇ ಹೋಗುತ್ತದೆ, ಪಂಪ್ ನಿಂತರೂ ಕೂಡಲೇ ತಿರುಗುವುದಿಲ್ಲ.

ಇನ್ನೂ ಅನುಮಾನ ಇದ್ದರೆ ನಾಡಿ ಹಿಡಿದು ನೋಡಿ. ತುಂಬುವುದನ್ನು ಒಂದೇ ಲಯದಲ್ಲಿ ಹೆಚ್ಚು ಕಡಿಮೆ ಮಾಡಿ. ಒಂದಷ್ಟು ಹೊತ್ತು ಜಾಸ್ತಿ, ಅಷ್ಟೇ ಹೊತ್ತು ಕಡಿಮೆ, ಮತ್ತೆ ಜಾಸ್ತಿ. ದೂರದ ಗೇಜ್‌ನಲ್ಲಿ ಆ ಲಯವನ್ನು ಮಾತ್ರ ಹುಡುಕಿ. ಉಳಿದ ಗದ್ದಲಕ್ಕೆ ಆ ಲಯ ಇರುವುದಿಲ್ಲ, ಹಾಗಾಗಿ ತೀರಾ ಸಣ್ಣ ಬದಲಾವಣೆಯೂ ಎದ್ದು ಕಾಣುತ್ತದೆ. ಅಮೆರಿಕದ ಮಿಸಿಸಿಪ್ಪಿಯ ಕ್ರಾನ್‌ಫೀಲ್ಡ್‌ನಲ್ಲಿ 2015ರಲ್ಲಿ ಇದನ್ನು ಮಾಡಿ ನೋಡಿದರು. ಮೊದಲು ಸೋರಿಕೆ ಇಲ್ಲದೆ ನಾಡಿ ಹಿಡಿದರು. ಆಮೇಲೆ ಒಂದು ಬಾವಿಯಿಂದ ಬೇಕೆಂದೇ ಅನಿಲ ಹೊರಬಿಟ್ಟು ಮತ್ತೆ ಹಿಡಿದರು. ಎರಡು ನಾಡಿಗಳಿಗೂ ವ್ಯತ್ಯಾಸ ಕಂಡಿತು. ಶುರುವಿನಲ್ಲೇ ಒಂದು ನಾಡಿ ಪರೀಕ್ಷೆ ಮಾಡಿಟ್ಟುಕೊಂಡಿದ್ದರೆ ಮುಂದೆ ಹೋಲಿಸಲು ನಿಮ್ಮ ಹತ್ತಿರವೂ ಒಂದು ಇರುತ್ತದೆ.

ಹಂತ 9: ಎಲ್ಲಿ, ಏನು, ಎಷ್ಟು

ಒಂದೇ ಬಾವಿ ಇದ್ದರೆ ಹತ್ತಿರದ ಸಣ್ಣ ಸೋರಿಕೆಯೂ ದೂರದ ದೊಡ್ಡ ಸೋರಿಕೆಯೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಮೂರು ಬಾವಿ ಇದ್ದರೆ ಸುದ್ದಿ ಯಾವುದಕ್ಕೆ ಮೊದಲು ಬಂತು, ಯಾವುದರಲ್ಲಿ ಎಷ್ಟು ಏರಿತು ಎಂದು ನೋಡಿ ಜಾಗವನ್ನು ಅಂದಾಜು ಮಾಡಬಹುದು. ಮೊದಲ ಹಂತದ ಪಟ್ಟಿಯನ್ನು ಈಗ ಮತ್ತೆ ತೆಗೆಯಿರಿ. ಲೆಕ್ಕ ತೋರಿಸುವ ಜಾಗದಲ್ಲಿ ಯಾವ ಹಳೆ ಬಾವಿ ಇದೆ?

ಬಂದಿರುವುದು ಉಪ್ಪುನೀರೋ ಅನಿಲವೋ ಅನ್ನುವುದನ್ನು ದೂರದ ಒತ್ತಡ ಒಂದೇ ಹೇಳಲಾರದು. ಕಾವಲು ಪದರದ ನೀರಿನ ಮಾದರಿ ತೆಗೆಸಿ. ಅನುಮಾನದ ಬಾವಿಗೆ ಥರ್ಮಾಮೀಟರ್ ಇಳಿಸಿ. ಇಕ್ಕಟ್ಟಿನ ದಾರಿಯಲ್ಲಿ ಅನಿಲ ಹಿಗ್ಗುತ್ತಾ ಮೇಲೇರಿದರೆ ಅಲ್ಲಿ ತಂಪಿನ ಒಂದು ಪಟ್ಟಿ ಕಾಣುತ್ತದೆ.

ಇಷ್ಟೆಲ್ಲ ಪರೀಕ್ಷೆ ಮುಗಿಯುವವರೆಗೂ ತುಂಬುತ್ತಲೇ ಇರಬೇಡಿ. ವೇಗ ತಗ್ಗಿಸಿ, ಅನುಮಾನ ಗಟ್ಟಿಯಾದರೆ ನಿಲ್ಲಿಸಿ. ಸೋರಿಕೆಯನ್ನು ತಳ್ಳುವುದು ಒತ್ತಡವೇ. ಅದು ಇಳಿದರೆ ಉಪ್ಪುನೀರಿನ ಸೋರಿಕೆ ತಾನಾಗಿಯೇ ಕುಗ್ಗುತ್ತದೆ. ಅನಿಲಕ್ಕೆ ಮಾತ್ರ ತೇಲುವ ಬಲವೂ ಇದೆ. ಆ ಬಾವಿಯನ್ನು ತೆರೆದು ಹೊಸ ಸಿಮೆಂಟ್ ತುಂಬಿಸಬೇಕಾಗುತ್ತದೆ. ತುಂಬಿಸಿದ ಮೇಲೆ ಕಾವಲು ಪದರದ ಉಳಿಕೆ ಮತ್ತೆ ಸೊನ್ನೆಯ ಕಡೆ ತಿರುಗಬೇಕು. ಏರಲು ಹಿಡಿದಷ್ಟೇ ದಿನಗಳಲ್ಲಿ ಅದು ಪೂರ್ತಿ ಇಳಿಯುವುದಿಲ್ಲ, ಬಾಲ ಉದ್ದ ಇರುತ್ತದೆ. ತಿರುಗದಿದ್ದರೆ ಇನ್ನೊಂದು ತೂತು ಇದೆ ಎಂದೇ ತಿಳಿದು ಹುಡುಕಿ.

ಯೋಜನೆ ಮುಗಿದ ಮೇಲೂ ಗೇಜ್ ಕೀಳಬೇಡಿ. ಅಮೆರಿಕದ ನಿಯಮದಲ್ಲಿ ತುಂಬುವುದು ನಿಂತ ಮೇಲಿನ ನಿಗಾಕ್ಕೆ ಇಟ್ಟಿರುವ ಸಾಮಾನ್ಯ ಅವಧಿ 50 ವರ್ಷ. ಅಷ್ಟು ವರ್ಷ ಒಂದೇ ಗೇಜ್ ಬಾಳುವುದಿಲ್ಲ. ಹಾಗಾಗಿ ಬಾವಿ ಕಟ್ಟುವಾಗಲೇ ಗೇಜನ್ನು ಮೇಲೆತ್ತಿ ಬದಲಾಯಿಸುವ ಹಾಗೆ ಮಾಡಿಸಿ. ಹಳೆಯದನ್ನು ತೆಗೆಯುವ ಮೊದಲು ಹೊಸದನ್ನು ಅದರ ಪಕ್ಕದಲ್ಲೇ ಇಳಿಸಿ, ಎರಡೂ ಕೆಲವು ವಾರ ಜೊತೆಗೆ ಓಡಲಿ.